ಶಿವಲಿಂಗಪ್ಪನವರ ಬೇಲಿ ಹಿಂದೆ ಸರಿದದ್ದು

ಶಿರಸಿಯಲ್ಲಿ ಕಾಲೇಜು ಶುರುವಾದ ಹೊಸತು. ಪೇಟೆಯ ಕೊನೆಯಿಂದ ಗುಡ್ಡದ ಮೇಲಿನ ಕಾಲೇಜಿಗೆ ಹೋಗುವ ನಮ್ಮ ಓಣಿಯಲ್ಲಿ ಎಲ್ಲವೂ ಇತ್ತು, ನಡೆಯುವುದಕ್ಕೆ ಜಾಗ ಮಾತ್ರ ಇರಲಿಲ್ಲ. ಒಂದು ಬದಿಗೆ ಬಾಯ್ದೆರೆದ ಗಟಾರ, ಇನ್ನೊಂದು ಬದಿಗೆ ಮನೆಗಳ ಮುಳ್ಳುಬೇಲಿ. ನಡುವೆ ಉಳಿದ ದಾರಿಯಲ್ಲಿ ಯಲ್ಲಾಪುರದ ಕಾಡಿನಿಂದ ನಾಟಾ, ಅಂದರೆ ಮರದ ದಿಮ್ಮಿ, ತುಂಬಿದ ಲಾರಿಗಳು ಬರುತ್ತಿದ್ದವು. ಅದೇ ದಾರಿಯಲ್ಲಿ ಹುಡುಗ ಹುಡುಗಿಯರು ಪುಸ್ತಕ ಎದೆಗವಚಿಕೊಂಡು ನಡೆಯುತ್ತಿದ್ದರು.

ಈ ಓಣಿಯಲ್ಲಿ ಶಿವಲಿಂಗಪ್ಪನವರ ಮನೆ. ಮೊದಲು ಕಾಡಿನಿಂದ ನಾಟಾ ಸಾಗಿಸುವ ಎತ್ತಿನ ಗಾಡಿಗಳನ್ನು ಇಟ್ಟಿದ್ದವರು. ಈಗ ಪೇಟೆಯಲ್ಲಿ ಕಾಳುಕಡಿ ವ್ಯಾಪಾರ. ಒಳ್ಳೆಯ ಮನುಷ್ಯ, ಆದರೆ ಅನುಮಾನದ ಪಿಂಡ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಎನ್ನುವವರು. ಅವರ ಮಗಳು ಪರಿಮಳಾ ಆ ಮನೆಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ. ಹೈಸ್ಕೂಲಿನಲ್ಲಿ ಪಾಠ ಹೇಳುವ ಅಕ್ಕೋರಾಗಬೇಕು ಎಂಬುದು ಅವಳ ಆಸೆ. ಅಪ್ಪ ಒಪ್ಪಿದ್ದು ಅರೆಮನಸ್ಸಿನಿಂದ.

ಒಂದು ದಿನ ಶಿವಲಿಂಗಪ್ಪನವರು ಬನವಾಸಿಯಿಂದ ಮರಳಿ ಬಂದು ನೋಡುತ್ತಾರೆ, ಅಂಗಳದಲ್ಲಿ ಸಾಲಾಗಿ ನಿಂತ ಹಾಲವಾಣದ ಮರಗಳಿಗೆಲ್ಲ ಸುಣ್ಣದ ಪಟ್ಟೆ!

"ಯಾರು ಹಚ್ಚಿದ್ರು ಇದನ್ನ? ನೀ ಸುಮ್ನ ನೋಡಕೋತ ನಿಂತಿದ್ದೇನು?" ಎಂದು ಹೆಂಡತಿ ಗುರುಶಾಂತವ್ವನ ಮೇಲೆ ರೇಗಿದರು.

"ಮುನ್ಸಿಪಾಲ್ಟಿ ಓವರ್ಸಿಯರ್ರು ಬಂದಿದ್ರು. ನೀವು ಊರಾಗಿಲ್ಲ ಅಂದೆ. ಬರೇ ಗುರ್ತ ಹಾಕಿ ಹೋಗ್ತೀನಿ ಅಂದ್ರು."

"ಬರೇ ಗುರ್ತ! ಕಾಡಿನಾಗ ಗಾರ್ಡು ಗುರ್ತ ಹಾಕಿದ ಮರ ಯಾವುದಾದರೂ ಉಳದೈತೇನು? ಇವತ್ತು ಗುರ್ತ, ನಾಳೆ ಕೊಡಲಿ. ಮರ ಹೋದ ಮ್ಯಾಲೆ ಅಂಗಳನೂ ಹೋಗ್ತೈತಿ!"

ಬಕೆಟ್ ನೀರು, ತೆಂಗಿನ ನಾರು ತಂದು ಮರ ತಿಕ್ಕಲು ಕುಳಿತೇಬಿಟ್ಟರು. ಪಕ್ಕದ ಮನೆಯ ದೇವಕಿ ಬೇಲಿಯಾಚೆಯಿಂದ ಇಣುಕಿದಳು. ಮಹಿಳಾ ಮಂಡಳದ ಸಭೆಗೆ ತಪ್ಪದೆ ಹೋಗುವವಳು, ಕೇಳಿದ್ದನ್ನು ಮರೆಯದವಳು.

"ಎಂತ ಮಾಡ್ತಿದ್ರಿ ಶಿವಲಿಂಗಪ್ಪಣ್ಣ? ಮರಕ್ಕೆ ಸ್ನಾನ ಮಾಡ್ಸೂದು ಇದೇ ಮೊದ್ಲು ಕಂಡೆ ನಾನು."

"ನಗಬ್ಯಾಡ ತಂಗಿ. ನಿನ್ನ ಅಂಗಳಕ್ಕೂ ಬರ್ತಾರ, ಅವಾಗ ನೋಡು."

"ಬರ್ಲಿ. ಓಣಿ ಉದ್ದಕ್ಕೂ ಕಾಲುದಾರಿ ಮಾಡ್ತ್ರಂತೆ. ಗಟಾರದ ಮೇಲೆ ಕಲ್ಲು ಹಾಸ್ತ್ರಂತೆ. ದೀಪದ ಕಂಬ, ತಿರುವಿನಲ್ಲಿ ಕೂತ್ಕಂಬಲೆ ಒಂದು ಕಟ್ಟೆ. ಪುಸ್ತಕದ ಅಂಗಡಿ, ಚಾ ಅಂಗಡಿಗೂ ಜಾಗ ಬಿಡ್ತ್ರಂತೆ. ಸಭೆಲಿ ಓವರ್ಸಿಯರೇ ಹೇಳಿದ್ರು."

"ಕಟ್ಟಿ ಕಟ್ಟಿದ್ರ ಪುಂಡರು ಕೂಡ್ತಾರ. ಅಂಗಡಿ ಬಂದ್ರ ಮುನ್ಸಿಪಾಲ್ಟಿಗೆ ಕಟ್ಟೋ ಮನೆಪಟ್ಟಿ ಏರ್ತೈತಿ. ದೀಪ ಹಾಕಿದ್ರ ಯಾರ ಮನ್ಯಾಗ ಏನೈತಿ ಅಂತ ಕಳ್ಳರಿಗೆ ಕಾಣ್ತೈತಿ!"

"ಕಳ್ಳರಿಗೆ ಕತ್ತಲೆ ಬೇಕು ಅಣ್ಣ, ದೀಪ ಅಲ್ಲ. ನಾಲ್ಕು ಜನ ಓಡಾಡೋ ಓಣಿಲಿ ಹೆಣ್ಣುಮಕ್ಕಳಿಗೆ ಧೈರ್ಯ. ನಿಮ್ಮನೆಲೂ ಕಾಲೇಜಿಗೆ ಹೋಗೋ ಮಗಳಿದ್ದಾಳೆ."

"ನನ್ನ ಮಗಳ ಚಿಂತಿ ನನಗೈತಿ" ಎಂದು ಶಿವಲಿಂಗಪ್ಪನವರು ಮತ್ತೂ ಜೋರಾಗಿ ತಿಕ್ಕಿದರು.

ಅಷ್ಟರಲ್ಲಿ ಓಣಿಯಲ್ಲಿ ಲಾರಿಯೊಂದು ಅಬ್ಬರಿಸಿ ಹೋಯಿತು, ಅದರ ಹಿಂದೆಯೇ ಪರಿಮಳಾ ಬಂದಳು. ಸೆರಗು ಹರಿದಿತ್ತು. ಮೊಣಕೈಯಿಂದ ಮುಂಗೈವರೆಗೆ ಮುಳ್ಳು ಗೀರಿ ರಕ್ತ ಇಳಿಯುತ್ತಿತ್ತು.

ಗುರುಶಾಂತವ್ವ ಓಡಿಬಂದಳು. "ಏನಾತವ್ವಾ?"

"ನಾಟಾ ಲಾರಿ ಬಂತು. ಬದೀಗೆ ಸರದೆ. ಸರಿಯಾಕ ಜಾಗಾನ ಇರಲಿಲ್ಲ."

ಶಿವಲಿಂಗಪ್ಪನವರ ಮುಖ ಕಪ್ಪಿಟ್ಟಿತು. ಹೆದರಿಕೆ ಅವರಲ್ಲಿ ಯಾವಾಗಲೂ ಸಿಟ್ಟಾಗಿ ಹೊರಬರುತ್ತಿತ್ತು. "ಸಾಕಿನ್ನ ಕಾಲೇಜು! ನಾಳಿಂದ ಮನ್ಯಾಗಿರು. ಆ ದಾರಿ ಹೆಣ್ಣುಮಕ್ಕಳಿಗಲ್ಲ."

ಪರಿಮಳಾ ಅಳಲಿಲ್ಲ. ಅಪ್ಪನ ಮುಖ ನೋಡಿ ಕೇಳಿದಳು: "ಯಾವ ದಾರಿ ಅಪ್ಪಾ? ಇದು ಆಗಿದ್ದು ನಮ್ಮ ಮನಿ ಮುಂದನ."

ಶಿವಲಿಂಗಪ್ಪನವರಿಗೆ ಮಗಳ ಮಾತಿನ ಮೇಲೂ ಅನುಮಾನ. ನೇರ ಹೊರಗೆ ಹೋದರು. ಎದುರಿಗೆ ಗಟಾರ, ಮಣ್ಣಿನಲ್ಲಿ ಲಾರಿಯ ಚಕ್ರದ ಹಸಿ ಗುರುತು. ಆ ಗುರುತಿಗೂ ಬೇಲಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲುವಷ್ಟೂ ಜಾಗವಿರಲಿಲ್ಲ. ಅವರೇ ಕೈಯಾರೆ ಕಟ್ಟಿದ ಕಾರೆಮುಳ್ಳಿನಲ್ಲಿ ಮಗಳ ಸೀರೆಯ ಚೂರು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಅಂಗೈಯಲ್ಲಿ ಹಿಡಿದು ನಿಂತರು.

ಹಿಂದೆಯೇ ಬಂದ ಗುರುಶಾಂತವ್ವ ಮೆಲ್ಲಗೆ ಕೇಳಿದಳು: "ಒಂದು ಮಾತು ಕೇಳ್ತೀನ್ರಿ. ಈ ಹಾಲವಾಣ ಯಾವಾಗ ನೆಟ್ಟಿದ್ರಿ?"

"ಪರಿಮಳಾ ತೊಟ್ಟಿಲಾಗಿದ್ದಾಗ."

"ಯಾತಕ್ಕ ನೆಟ್ಟಿದ್ರಿ?"

ಅವರು ಮರಗಳ ಸಾಲಿನತ್ತ ತಿರುಗಿ ನೋಡಿದರು. ಬೇಲಿಗೆಂದೇ ನೆಟ್ಟ ಗೂಟಗಳು ಅವು!

ಇದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಮಳೆಗಾಲ ಮುಗಿದ ಮೇಲೆ ಬೇಲಿ ಕಟ್ಟಬೇಕು. ಹಳೆಯ ಹಾಲವಾಣದ ಗೂಟ ಬೇರು ಬಿಟ್ಟಿರುತ್ತದೆ, ಕೀಳುವುದಕ್ಕೆ ಬೇಸರ. ಅದರ ಮುಂದೆ ಒಂದು ಗೇಣು ಬಿಟ್ಟು ಹೊಸ ಗೂಟ ಹೊಡೆಯುತ್ತೇವೆ. ಮುಂದಿನ ವರ್ಷ ಇನ್ನೊಂದು ಗೇಣು. ಯಾರೂ ಅದನ್ನು ಕಳವು ಎನ್ನುವುದಿಲ್ಲ, ಬೇಲಿ ಕಟ್ಟಿದೆವು ಎನ್ನುತ್ತೇವೆ. ಬೇಲಿ ನಡೆಯುತ್ತಾ ಬೀದಿಗೆ ಬಂತು, ಹಳೆಯ ಗೂಟಗಳು ಮರವಾಗಿ ಅಂಗಳದ ನಡುವೆ ಉಳಿದವು. ಮುನ್ಸಿಪಾಲ್ಟಿ ಅಂಗಳ ನುಂಗುತ್ತದೆ ಎಂದು ಕೂಗಾಡಿದವರು ತಾವೇ ಓಣಿಯನ್ನು ಗೇಣು ಗೇಣಾಗಿ ನುಂಗಿದ್ದರು.

ಶಿವಲಿಂಗಪ್ಪನವರು ಅಂಗಿ ಹಾಕಿಕೊಂಡು ನೆಟ್ಟಗೆ ಓವರ್ಸಿಯರ್ ವೆಂಕಟ್ರಮಣರ ಬಳಿಗೆ ಹೋದರು. ಅನುಮಾನ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

"ಬೇಲಿ ಹಿಂದಕ್ಕ ತಗೋತೀನ್ರಿ. ಆದ್ರ ಮರ ಯಾಕ ಕಡೀತೀರಿ?"

"ಕಡಿಯೋದು ಅಂತ ಯಾರು ಹೇಳಿದ್ರು ನಿಮಗೆ? ಸುಣ್ಣ ಹಚ್ಚಿದ್ದು ಮರ ಉಳೀಲಿ ಅಂತ. ಕಾಲುದಾರಿಗೆ ನೆರಳು ಬೇಡವಾ? ಗುರುತಿಲ್ಲದ ಮರ, ಗಿಡಗಂಟಿ ಮಾತ್ರ ಸವರಿ ಅಂತ ಆಳುಗಳಿಗೆ ಹೇಳಿದ್ದೇನೆ. ನಾಳೆ ಬೆಳಿಗ್ಗೆ ನಿಮ್ಮ ಮನೆ ಮುಂದಿನಿಂದಲೇ ಕೆಲಸ ಶುರು."

ಶಿವಲಿಂಗಪ್ಪನವರು ಮುಂದಿನ ಮಾತಿಗೆ ನಿಲ್ಲಲಿಲ್ಲ. ಮನೆಗೆ ಓಡಿಬಂದು ಗೋಡೆಗೆಂದು ನೆನೆಹಾಕಿದ್ದ ಸುಣ್ಣದ ಗಡಿಗೆಯನ್ನೇ ಹೊತ್ತು ತಂದರು. ತಿಕ್ಕಿ ತೊಳೆದ ಮರಗಳಿಗೆ ತಾವೇ ಪಟ್ಟೆ ಬಳಿದರು, ಮೊದಲಿಗಿಂತ ಎರಡರಷ್ಟು ದಪ್ಪಕ್ಕೆ. ದೇವಕಿ ಬೇಲಿಯಾಚೆ ನಿಂತು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಅವರು ತಮ್ಮ ಮುಳ್ಳುಬೇಲಿ ಕೀಳುವುದನ್ನು ಕಂಡು, ತಾನೂ ಕತ್ತಿ ತಂದು ತನ್ನ ಬೇಲಿಯನ್ನು ಬಿಚ್ಚತೊಡಗಿದಳು, ಅವಳದೂ ಎರಡು ಗೇಣು ಬೀದಿಗೆ ಬಂದಿತ್ತು.

ಬೇಸಿಗೆ ಕಳೆಯುವುದರೊಳಗೆ ಕೆಂಪು ಚಿರೇಕಲ್ಲು ಹಾಸಿದ ಕಾಲುದಾರಿ ಆಯಿತು. ಗಟಾರಕ್ಕೆ ಹಾಸುಗಲ್ಲು ಬಿತ್ತು, ದೀಪ ಬಂತು, ಚಾ ಅಂಗಡಿಯೂ ಬಂತು. ತಿರುವಿನ ಕಟ್ಟೆಯ ಮೇಲೆ ಪುಂಡರು ಕೂಡುತ್ತಾರೋ ನೋಡಬೇಕು ಎಂದು ಶಿವಲಿಂಗಪ್ಪನವರೇ ಸಂಜೆಯೆಲ್ಲ ಅಲ್ಲಿ ಕೂಡುತ್ತಾರೆ. ಚಾ ಕುಡಿಯುತ್ತಾರೆ, ಹಾಲಿಗೆ ನೀರು ಬೆರೆಸಿದ್ದಾರೆ ಎನ್ನುತ್ತಾರೆ. ಲಾರಿಗಳು ಈಗಲೂ ಬರುತ್ತವೆ. ಆದರೆ ಪರಿಮಳಾ ಕಾಲೇಜಿನಿಂದ ಹಾಲವಾಣದ ಸಾಲಿನ ಕೆಳಗೆ, ಅಪ್ಪ ಬಿಟ್ಟುಕೊಟ್ಟ ಜಾಗದಲ್ಲಿ, ಹಿಂದೆ ತಿರುಗಿ ನೋಡದೆ ನಡೆದುಬರುತ್ತಾಳೆ. ಅವಳು ಮನೆ ಸೇರುವ ತನಕ ಅವರು ಕಟ್ಟೆಯಿಂದ ಏಳುವುದಿಲ್ಲ.

ಇದನ್ನು ಓದಿದ, ಓದಿಸಿ ಕೇಳಿದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಣ್ಣಂದಿರೇ, ಅಕ್ಕಂದಿರೇ, ಈಗಲೇ ಎದ್ದು ನಿಮ್ಮ ಅಂಗಳ ನೋಡಿ. ಬೇಲಿಯ ಒಳಗೆ ಹಳೆಯ ಗೂಟಗಳು ಸಾಲಾಗಿ ಮರವಾಗಿವೆಯೇ? ಹಾಗಾದರೆ ಈ ವರ್ಷ ಬೇಲಿಯನ್ನು ಆ ಸಾಲಿನ ಹಿಂದಕ್ಕೆ ಕಟ್ಟಿ. ಓಣಿಯ ಕೆಲಸಕ್ಕೆ ಬಂದವರ ಮೇಲೆ ಅನುಮಾನವಿದ್ದರೆ ಹೋಗಿ ಕೇಳಿ, ಕೇಳುವುದು ನಿಮ್ಮ ಹಕ್ಕು. ಆದರೆ ಕೇಳುವ ಮೊದಲು ನಿಮ್ಮ ಬೇಲಿಯ ಮುಳ್ಳನ್ನು ಒಮ್ಮೆ ನೋಡಿ ಬನ್ನಿ. ಅದರಲ್ಲಿ ಯಾರ ಮಗಳ ಸೆರಗು ಸಿಕ್ಕಿಕೊಂಡಿದೆಯೋ!