ಯಂತ್ರಕ್ಕೆ ಮೈಲಿಗೆ

ಹಾನಗಲ್ಲಿನ ಕ್ಯಾಂಪಿನಲ್ಲಿ ನಮ್ಮ ನಾಟಕ ಕಂಪನಿಯ ಮೈಕ್ ಸೆಟ್ಟು ಟಪ್ಪೆಂದು ಸತ್ತಾಗ ನಾನು ಅದರ ಮುಂದೆ ಹಾಡುತ್ತಿದ್ದೆ. ನಾನು ಮಾಡಿದ ತಪ್ಪು ಅದೊಂದೇ. ಮರುದಿನ ಚಹಾದ ಹೊತ್ತಿಗೆ ಮಾಲಕ ಶಿದ್ಲಿಂಗಪ್ಪನವರು ತೀರ್ಪು ಕೊಟ್ಟುಬಿಟ್ಟಿದ್ದರು: ಉಡಚವ್ವ ತಿಂಗಳ ಮುಟ್ಟಾಗಿ ಹೊರಗಾದ ದಿನ ಯಂತ್ರ ಮುಟ್ಟಿದಳು, ಮೈಲಿಗೆಯಾಯಿತು, ಸುಟ್ಟಿತು. ಇನ್ನು ಮೇಲೆ ಹೆಂಗಸರು ಮೈಕಿನ ಹತ್ತಿರ ಸುಳಿಯಕೂಡದು. ನನ್ನ ಪದಗಳನ್ನು ಹೆಣ್ಣುವೇಷದ ಹೂವಪ್ಪ ಹಾಡುತ್ತಾನೆ. ನಾನು ಹಿಂದೆ ಸಖಿಯರ ಸಾಲಿನಲ್ಲಿ ನಿಲ್ಲಬೇಕು.

ನನಗೆ ಮೈಯೆಲ್ಲ ಉರಿಯಿತು. ನೆಲದ ಮೇಲೆ ಕೂತ ಕಡೆಯ ಸಾಲಿನವರಿಗೆ ಕೇಳಿಸಲೆಂದು ಕೂಗಿ ಕೂಗಿ ಗಂಟಲು ಹರಿದುಕೊಂಡವಳು ನಾನು. ಯುದ್ಧ ಮುಗಿದ ವರ್ಷ ಈ ಸೆಟ್ಟು ಬಂತು. ಅದರ ಮುಂದೆ ಮೊದಲ ಸಲ, ಮಗುವನ್ನು ಮಲಗಿಸುವಷ್ಟು ಮೆಲ್ಲಗೆ ಹಾಡಿದೆ. ಕಡೆಯ ಸಾಲಿನಲ್ಲೂ ಜನ ಕಣ್ಣೊರೆಸಿಕೊಂಡರು. ಆ ದನಿ ಹೂವಪ್ಪನಿಗೆ ಯಾಕೆ ಹೋಗಬೇಕು?

ಯಂತ್ರ ಕೆಟ್ಟ ದಿನ ನಾನು ಹೊರಗಾಗಿರಲೇ ಇಲ್ಲ. ಅಷ್ಟು ಹೇಳಿದ್ದರೆ ಆ ಸಲ ಪಾರಾಗುತ್ತಿದ್ದೆ. ಹೇಳಲಿಲ್ಲ. ಹೇಳಿದರೆ ಅವರ ಮಾತನ್ನೇ ಒಪ್ಪಿದಂತೆ, ಆಮೇಲೆ ತಿಂಗಳು ತಿಂಗಳೂ ಲೆಕ್ಕ ಒಪ್ಪಿಸುತ್ತ ಕೂಡಬೇಕು.

ಸೀದಾ ರಂಗದ ಹಿಂದೆ ಹೋದೆ. ನಮ್ಮ ಕರೆಂಟಿನ ಎಂಜಿನ್ನು, ದೀಪ ನೋಡಿಕೊಳ್ಳುವ ಮಲ್ಲಿಕಸಾಬ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಹಾಕಿದ ಫ್ಯೂಸೆಲ್ಲ ಹೋಗುತ್ತಿದ್ದವು. ಅದಕ್ಕೆ ಕರೆಂಟಿನ ದಾರಿಯಲ್ಲಿ ಒಂದು ಬಲ್ಬು ಸಿಕ್ಕಿಸಿದ್ದ. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಇಲ್ಲದಿದ್ದರೆ ಮಂದವಾಗುತ್ತದೆ ಎಂದ. ಗಾಜಿನ ಬುರುಡೆಯಂಥ ವಾಲ್ವುಗಳನ್ನು ಒಂದೊಂದಾಗಿ ಕಿತ್ತ. ಎಲ್ಲ ಕಿತ್ತ ಮೇಲೂ ಬಲ್ಬು ನಮ್ಮನ್ನು ಅಣಕಿಸುವ ಹಾಗೆ ಉರಿಯುತ್ತಲೇ ಇತ್ತು. ಒಳಗಿನ ಟ್ರಾನ್ಸ್‌ಫಾರ್ಮರೇ ಹೋಗಿರಬೇಕು ಎಂದು ಅವನು ಕೈಚೆಲ್ಲಿದ.

ಆಗ ನನ್ನ ಕಣ್ಣಿಗೆ ಇರುವೆಗಳು ಬಿದ್ದವು. ಸಾಲುಗಟ್ಟಿ ಯಂತ್ರದ ಅಡಿಗೆ ಹೋಗುತ್ತಿದ್ದವು.

“ಕಬ್ಬಿಣದಾಗ ಇರಿವಿಗೆ ಏನೈತಿ, ಸಾಬಣ್ಣ?” ಎಂದೆ.

ಅವನು ಕರೆಂಟು ತೆಗೆದು ಯಂತ್ರವನ್ನು ಬೋರಲು ಹಾಕಿದ. ದೊಡ್ಡ ವಾಲ್ವು ಕೂಡುವ ಸಾಕೆಟ್ಟಿನ ಸುತ್ತ ಕಂದು ಅಂಟು ಮೆತ್ತಿತ್ತು. ಅದರ ನಡುವೆ ಸಾಕೆಟ್ಟಿನ ಒಂದು ತಂತಿಗಾಲಿನಿಂದ ಇನ್ನೊಂದಕ್ಕೆ ಸುಟ್ಟು ಕರಿ ಗೆರೆ ಬಿದ್ದಿತ್ತು. ಬಗ್ಗಿ ಮೂಸಿದೆ: ತಳ ಹತ್ತಿದ ಹೂರಣದ ವಾಸನೆ. ಅಂಟಿನಲ್ಲಿ ತೆಂಗಿನ ನಾರಿನ ಎಳೆಯೂ ಸಿಕ್ಕಿಕೊಂಡಿತ್ತು.

ದಸರೆಗೆ ಶಿಗ್ಗಾಂವಿಯ ಕ್ಯಾಂಪಿನಲ್ಲಿ ಆಯುಧಗಳ ಖಂಡೇಪೂಜೆ ಮಾಡಿದ್ದೆವು. ಹಾರ್ಮೋನಿಯಂ, ಕತ್ತಿ, ಕಿರೀಟಗಳ ಜೊತೆ ಯಂತ್ರಕ್ಕೂ ಕುಂಕುಮ ಹಚ್ಚಿದ್ದೆವು. ಶಿದ್ಲಿಂಗಪ್ಪನವರು ಭಕ್ತಿ ಉಕ್ಕಿ ಕಾಯನ್ನು ಯಂತ್ರದ ಅಂಚಿಗೇ ಒಡೆದಿದ್ದರು. ನೀರು ಮೇಲಿನ ಕಿಂಡಿಗಳಲ್ಲಿ ಇಳಿದಿತ್ತು. ಒಣಗಿದ ನೀರು ಅಂಟಾಗಿ, ಅಂಟು ದಿನವೂ ಕಾದು ಇದ್ದಿಲಾಗಿ, ಕರೆಂಟಿಗೆ ಅಡ್ಡದಾರಿ ಮಾಡಿಕೊಟ್ಟಿತ್ತು.

ಮಲ್ಲಿಕಸಾಬ ಆ ಸಾಕೆಟ್ಟಿನ ತಂತಿ ಬಿಚ್ಚಿ ಕರೆಂಟು ಬಿಟ್ಟ. ಬಲ್ಬು ಮಂದವಾಯಿತು. ಕೆಟ್ಟ ರೇಡಿಯೋದಿಂದ ಬೇರೆ ಸಾಕೆಟ್ಟು ತೆಗೆದು ಬೆಸೆದ, ವಾಲ್ವು ಕೂಡಿಸಿದ, ಬಲ್ಬು ಬಿಚ್ಚಿ ಹೊಸ ಫ್ಯೂಸು ಹಾಕಿದ, ಪರೀಕ್ಷೆಗೆಂದು ಮೈಕನ್ನೂ ಅಲ್ಲೇ ತಂದು ಜೋಡಿಸಿದ. ಯಂತ್ರದ ಕೆಂಪು ದೀಪ ಹತ್ತಿತು. ಅಷ್ಟರಲ್ಲಿ ಕಂಪನಿಯವರೆಲ್ಲ ಸೇರಿದ್ದರು, ಮಾಲಕರೂ ಬಂದಿದ್ದರು. ಮಲ್ಲಿಕಸಾಬ ಹಳೆಯ ಸಾಕೆಟ್ಟನ್ನು ಅವರ ಕೈಗೆ ಕೊಟ್ಟು ಎಲ್ಲ ಹೇಳಿದ. ಅವರು ನಾರನ್ನು ಉಗುರಿನಿಂದ ಕೆದಕಿ ನೋಡಿದರು.

“ದೇವರ ಕಾಯಿಂದ ಯಾವುದೂ ಕೆಡೂದಿಲ್ಲ,” ಎಂದರು. “ನೀ ದೂರ ಸರಿ, ಉಡಚವ್ವ. ಹೂವಪ್ಪ, ಬಾ, ಹಾಡು.”

ಹೂವಪ್ಪ ನೆಲ ನೋಡುತ್ತ ನಿಂತ. ನಾನು ಸರಿಯಲಿಲ್ಲ. ಎರಡೂ ಕೈಯನ್ನು ಯಂತ್ರದ ಮೇಲೆ ಇಟ್ಟೆ.

“ಯಂತ್ರ ಕೆಟ್ಟಾಗ ನಾ ಹೊರಗಾಗಿದ್ದಿಲ್ರಿ, ಮಾಲಕರ. ಇವತ್ತ ಮುಂಜಾನೆ ಆಗೇನಿ. ನೋಡ್ರಿ, ಮುಟ್ಟೇನಿ.”

ಮೈಕಿನ ಮುಂದೆ ನಿಂತು, ಕೂಗದೆ, ಮೆಲ್ಲಗೆ ನನ್ನ ಪದ ಎತ್ತಿಕೊಂಡೆ. ಹೊರಗಿನ ಹಾರ್ನಿನಿಂದ ನನ್ನ ದನಿ ಪೇಟೆಯ ಕಡೆಗೆ ಹೊರಟಿತು. ಶಿದ್ಲಿಂಗಪ್ಪನವರು ಕೆಂಪು ದೀಪವನ್ನೇ ನೋಡುತ್ತಿದ್ದರು, ಈಗ ಆರೀತು, ಇನ್ನೇನು ಆರೀತು ಎಂದು. ಆರಲಿಲ್ಲ. ನಾನು ಎರಡನೆಯ ನುಡಿಯನ್ನೂ ಹಾಡಿದೆ.