ರಿಲೀಸ್ ಲೆಟರ್ ಮತ್ತು ಒಂದು ಹೋಮ್ ರನ್

ಪ್ರವೀಣನ ವೀಸಾದಲ್ಲಿ ಇದ್ದದ್ದು ಏಸಿ ಮೆಕ್ಯಾನಿಕ್ ಎಂದು. ಕಂಪನಿಗೆ ಬೇಕಾಗಿದ್ದದ್ದು ಅವನ ಭುಜ. ನಮ್ಮ ಅರ್ಬಾಬ್, ಅಂದರೆ ಗಲ್ಫಿನ ಕಂಪನಿ ಮಾಲಕರು, ಟೆಕ್ಸಾಸಿನಲ್ಲಿ ಓದಿದವರು. ಪದವಿ ತಂದರೋ ಗೊತ್ತಿಲ್ಲ, ಬೇಸ್‌ಬಾಲ್ ಹುಚ್ಚನ್ನಂತೂ ತಂದರು. ರಿಫಾದ ಮರಳು ಮೈದಾನದಲ್ಲಿ ಕಂಪನಿಗಳ ನಡುವೆ ಶುಕ್ರವಾರದ ಲೀಗ್ ಶುರುವಾಯಿತು. ಮುಲ್ಕಿಯ ಟೂರ್ನಮೆಂಟುಗಳಲ್ಲಿ ತೆಂಗಿನ ಮರದ ಮೇಲಿಂದ ಸಿಕ್ಸರ್ ಕಳಿಸುತ್ತಿದ್ದ ಪ್ರವೀಣನನ್ನು ಹುಡುಕಿ ತಂದದ್ದು ಮ್ಯಾನೇಜರ್ ವಿಲ್ಫ್ರೆಡ್. ಆ ಉಪಕಾರವನ್ನು ಅವರು ನಾಲ್ಕು ವರ್ಷ ದಿನಕ್ಕೊಮ್ಮೆ ನೆನಪಿಸಿದರು.

ಮೊದಲ ಮ್ಯಾಚಿನಲ್ಲಿ ಅವನು ಬ್ಯಾಟ್ ಹಿಡಿದುಕೊಂಡೇ ಓಡಿದ. ಎರಡನೆಯದರಲ್ಲಿ ಚೆಂಡು ಬೇಲಿ ದಾಟಿತೆಂದು ನಿಂತಲ್ಲೇ ನಿಂತು ಬೆವರು ಒರೆಸಿಕೊಂಡ.

"ಓಡೋ! ಇದು ಕ್ರಿಕೆಟ್ಟಲ್ಲ. ನಾಲ್ಕೂ ಬೇಸು ಮುಟ್ಬೇಕು, ಕೊನೆಯದ್ದು ತುಳಿಯದಿದ್ರೆ ರನ್ನಿಲ್ಲ!" ಎಂದು ವಿಲ್ಫ್ರೆಡ್ ಬೊಬ್ಬೆ ಹಾಕಿದರು.

ಆ ಪಾಠವನ್ನು ಅವನು ಮರೆಯಲಿಲ್ಲ.

ಎಡ ಮೂಲೆಯ ಔಟ್‌ಫೀಲ್ಡಿನಲ್ಲಿ ಗ್ಲೋವನ್ನು ಸೊಂಟಕ್ಕೆ ಸಿಕ್ಕಿಸಿ ಬರಿಗೈಯಲ್ಲೇ ಕ್ಯಾಚ್ ಹಿಡಿಯುತ್ತಿದ್ದ. ಬೇಲಿ ದಾಟಿಸಿ ಹೊಡೆದದ್ದು ನಲವತ್ತೊಂದು ಹೋಮ್ ರನ್; ಸ್ಕೋರ್ ಬರೆದವನು ನಾನೇ. ವಾರದ ಉಳಿದ ದಿನ ಏಣಿ ಹತ್ತಿ ತಾರಸಿಯ ಏಸಿ ರಿಪೇರಿ. ಮೊಣಕಾಲು ಹೋಯಿತು. ಪಕ್ಕದ ಬುದಯ್ಯ ಊರಿನ ಕಂಪನಿಯೊಂದು ವರ್ಕ್‌ಶಾಪಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇನೆಂದಿತು. ಆದರೆ ಆಗ, ೨೦೦೭ರಲ್ಲಿ, ಹಳೆಯ ಕಂಪನಿ ರಿಲೀಸ್ ಲೆಟರ್ ಕೊಡದೆ ಹೊಸದಕ್ಕೆ ಹೋಗುವಂತಿರಲಿಲ್ಲ.

"ಫೈನಲ್ ಗೆಲ್ಲಿಸು, ಕೊಡ್ತೇನೆ" ಎಂದರು ವಿಲ್ಫ್ರೆಡ್. ಆ ವರ್ಷ ಗೆಲ್ಲಿಸಿದ. "ಯಾವ ಫೈನಲ್ ಅಂತ ನಾನು ಹೇಳಿದ್ದೆನಾ?" ಎಂದರು.

ಈ ಸಲದ ಫೈನಲಿನಲ್ಲಿ ಎದುರಿಗಿದ್ದದ್ದು ಅದೇ ಬುದಯ್ಯದವರು. ನಮ್ಮ ಕೊನೆಯ ಸರದಿ, ಉಳಿದದ್ದು ಒಂದೇ ಔಟ್, ಎಂಟಕ್ಕೆ ಎಂಟು; ಸಮವಾದರೆ ಕಪ್ಪು ಲೀಗಿನಲ್ಲಿ ಮುಂದಿದ್ದ ಅವರಿಗೆ. ಪ್ರವೀಣ ಹೊಡೆದ ಚೆಂಡು ಬೇಲಿಯನ್ನೂ ಆಚೆಯ ನೀರಿನ ಟ್ಯಾಂಕರನ್ನೂ ದಾಟಿತು. ಇನ್ನು ಅವನನ್ನು ಔಟ್ ಮಾಡುವುದು ಯಾವ ಫೀಲ್ಡರ್‌ಗೂ ಸಾಧ್ಯವಿಲ್ಲ. ನಡೆದು ಬಂದರೆ ಸಾಕು. ಕುಂಟುತ್ತಾ ಒಂದು, ಎರಡು, ಮೂರು ಬೇಸು ಮುಟ್ಟಿದ. ಕೊನೆಯದಕ್ಕೆ ಒಂದು ಹೆಜ್ಜೆ ಇರುವಾಗ ನಿಂತ.

"ಎಂತ, ಕಾಲು ನೋವಾ?" ಎಂದು ವಿಲ್ಫ್ರೆಡ್ ಓಡಿ ಬಂದರು.

"ಕಾಲು ನೋವು ಎರಡು ವರ್ಷದಿಂದ ಉಂಟು ಸಾರ್." ಜೇಬಿನಲ್ಲಿದ್ದ ಪ್ಲಾಸ್ಟಿಕ್ ಕವರಿನಿಂದ ಟೈಪ್ ಮಾಡಿಸಿದ ರಿಲೀಸ್ ಲೆಟರ್ ತೆಗೆದ. "ಸೈನ್ ಮಾಡಿ."

ಬುದಯ್ಯದವರ ಬೆಂಚಿನಿಂದ ಶಿಳ್ಳೆ. "ನಿಲ್ಲು ಮಾರಾಯ! ಬೇಕಾದ್ರೆ ಕುರ್ಚಿ ಕೊಡ್ತೇವೆ!"

ವಿಲ್ಫ್ರೆಡ್ ಅಂಪೈರ್ ಹರಿಹರರ ಕಡೆ ತಿರುಗಿದರು. ಇವರು ಕುಂದಾಪುರದವರು, ನಿಯಮಪುಸ್ತಕವನ್ನು ಪಾರಾಯಣ ಮಾಡಿದವರು. "ಇವನನ್ನು ದೂಡಬಹುದಾ?"

"ದೂಡಿದ್ರೆ ಔಟ್."

"ಹೀಗೇ ನಿಂತ್ರೆ?"

"ಸಮಂಜಸ ಸಮಯದಲ್ಲಿ ತುಳಿಯದಿದ್ರೆ ಔಟ್."

"ಸಮಂಜಸ ಅಂದ್ರೆ ಎಷ್ಟು ಮಾರ್ರೆ?"

"ಪುಸ್ತಕದಲ್ಲಿಲ್ಲ. ನಾನು ಮೂರು ನಿಮಿಷ ಕೊಡ್ತೇನೆ."

ವಿಲ್ಫ್ರೆಡ್ ದನಿ ತಗ್ಗಿಸಿದರು. "ನಾಯಿ, ಔಟಾದ್ರೆ ನಾಳೆಯೇ ಮುಲ್ಕಿಗೆ ಟಿಕೆಟ್."

"ಆಯ್ತು. ನಾನು ಮುಲ್ಕಿಗೆ, ಕಪ್ಪು ಬುದಯ್ಯಕ್ಕೆ. ಯಾಕೆ ಅಂತ ಅರ್ಬಾಬ್ ಹತ್ರ ನೀವೇ ಹೇಳಿ."

ಡೇರೆಯಡಿಯಲ್ಲಿ ಅರ್ಬಾಬ್ ಎದ್ದು ನಿಂತು ಕೈಗಡಿಯಾರ ತೋರಿಸಿದರು.

ಕಂಪನಿಯ ಸ್ಟಾಂಪನ್ನು ವಿಲ್ಫ್ರೆಡ್ ಸ್ನಾನಕ್ಕೂ ಒಯ್ಯುತ್ತಾರೆಂದು ಪ್ರತೀತಿ. ಅಂಗಿ ಜೇಬಿನಿಂದ ಅದು ಹೊರಬಂತು. ಮೇಜಿಲ್ಲದ್ದಕ್ಕೆ ಹರಿಹರರು ಬೆನ್ನು ಕೊಟ್ಟರು. ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಸಹಿ, ಸ್ಟಾಂಪ್. "ಹಿಡಿ, ಸಾಯಿ."

ಪ್ರವೀಣ ಕಾಗದವನ್ನು ನಿಧಾನವಾಗಿ ಓದಿದ. "ತಾರೀಕು ಮುಂದಿನ ವರ್ಷದ್ದು ಹಾಕಿದ್ದೀರಿ ಸಾರ್."

"ಇನ್ನು ಇಪ್ಪತ್ತು ಸೆಕೆಂಡ್" ಎಂದರು ಬಗ್ಗಿಯೇ ಇದ್ದ ಹರಿಹರರು.

ವಿಲ್ಫ್ರೆಡ್ ಬಾಯಿಂದ ಬಂದ ಕೊಂಕಣಿ ಯಾವ ಇಗರ್ಜಿಯ ಪೂಜೆಯಲ್ಲೂ ಕೇಳುವಂಥದ್ದಲ್ಲ. ತಾರೀಕು ತಿದ್ದಿದರು, ಮೇಲೊಂದು ಸ್ಟಾಂಪ್ ಒತ್ತಿದರು. ಪ್ರವೀಣ ಕಾಗದವನ್ನು ಕವರಿಗೆ ಹಾಕಿ, ಕವರನ್ನು ಜೇಬಿಗೆ ಹಾಕಿ, ನೋವಿನ ಕಾಲನ್ನೇ ಎತ್ತಿ ಇಟ್ಟ.

ಒಂಬತ್ತಕ್ಕೆ ಎಂಟು. ನಮ್ಮ ಆಟಗಾರರೆಲ್ಲ ಓಡಿದರು, ಅವನ ಪಕ್ಕದಿಂದಲೇ, ಅರ್ಬಾಬರ ಕಡೆಗೆ. ವಿಲ್ಫ್ರೆಡ್ ತಾನೇ ಹೊಡೆದವರಂತೆ ಕಪ್ಪನ್ನು ಎತ್ತಿ ಹಿಡಿದರು.

ಪ್ರವೀಣ ಗ್ಲೋವನ್ನು ತಂದು ನನ್ನ ಸ್ಕೋರ್ ಪುಸ್ತಕದ ಮೇಲಿಟ್ಟ. "ಕಂಪನಿದು. ವಾಪಸ್ ಬಂತು ಅಂತ ಬರ್ಕೊಳ್ಳಿ." ಆಮೇಲೆ ಬುದಯ್ಯದವರ ಬಸ್ಸಿನ ಕಡೆಗೆ ಕುಂಟುತ್ತಾ ಹೋದ.

ಗ್ಲೋವಿನ ಬೆಲೆಚೀಟಿ ಇನ್ನೂ ಹಾಗೇ ಇತ್ತು.