ಅವ್ವನ ಕರಡಿಗೆ

ಕಟಕ್, ಅಂಗೈಯೊಳಗೆ ಮತ್ತೆ ಅದೇ ಸದ್ದು, ಮೇಲೆ ತಿರುಗುವ ಫ್ಯಾನಿನದಲ್ಲ, ಆಪರೇಶನ್ ಕೋಣೆಯ ಬಾಗಿಲಿನದೂ ಅಲ್ಲ, ಅವ್ವನ ಬೆಳ್ಳಿ ಕರಡಿಗೆಯದೇ—ಮಹೇಶ್ವರಿ ಮುಷ್ಟಿ ಬಿಗಿದಳು, ಒಂದೇ ಲಿಂಗವಿರುವ ಕರಡಿಗೆ ಹೀಗೆ ಗುಲ್ಲೆಬ್ಬಿಸುವುದಿಲ್ಲ, ತನ್ನ ಕೊರಳಲ್ಲೂ ಒಂದಿದೆ, ನಲವತ್ತು ದಾಟಿದರೂ ಅದು ತುಟಿಪಿಟಕ್ಕೆಂದಿಲ್ಲ. ಮೈಮ್ಯಾಲೆ ಏನೂ ಇರಬಾರದ್ರಿ ಅಂದಿದ್ದಳು ನರ್ಸು, ಮೂಗುತಿ, ಬಳೆ ಎಲ್ಲ ತೆಗೆದುಕೊಟ್ಟ ಅವ್ವ ಕರಡಿಗೆಯ ಮೇಲೆ ಮಾತ್ರ ಎಡಗೈ ಇಟ್ಟುಕೊಂಡು ಕೂತೇಬಿಟ್ಟಳು, ಬಾಗಲಕೋಟೆಗೆ ಬರುವ ದಾರಿಯುದ್ದಕ್ಕೂ ಹೊಟ್ಟೆಯ ಗಡ್ಡೆಗೆ ಹೆದರದವಳು ಇದಕ್ಕೆ ಹೆದರಿದಳು, ಕೊನೆಗೆ ಇವಳ ಅಂಗೈಗಿಟ್ಟಳು, ಬಿಚ್ಚಿ ನೋಡಬ್ಯಾಡ ಮಗಳ, ಹಂಗ ಹಿಡಕೊಂಡು ಕುಂದ್ರು. ನೋಡಬೇಡ ಅಂದದ್ದನ್ನು ನೋಡದೆ ಬಿಟ್ಟವರು ಯಾರಿದ್ದಾರೆ, ಸ್ಟ್ರೆಚರ್ ಒಳಗೆ ಹೋದದ್ದೇ ತಡ ಬಿಚ್ಚಿದಳು, ಒಂದು ಅವ್ವನದು, ಪಕ್ಕದಲ್ಲಿ ಮಾಸಿದ ಅರಿವೆಯಿಂದ ಜಾರಿದ ಇನ್ನೊಂದು, ಪುಟ್ಟದು, ಕೂಸಿನದು. ಯಾರ ಕೂಸು? ಗರ್ಭಕ್ಕೆ ಎಂಟು ತಿಂಗಳು ತುಂಬುವಾಗಲೇ ಲಿಂಗ ಕಟ್ಟುವ ಮನೆ ಅವರದು, ಕೂಸು ಬಲಿಯುವವರೆಗೆ ತಾಯಿಯೇ ಅದನ್ನು ತನ್ನ ಮೈಮೇಲೆ ಧರಿಸುತ್ತಾಳೆ, ಸತ್ತರೆ ಅಂಗೈಯಲ್ಲಿಟ್ಟು ಜೊತೆಗೇ ಮಣ್ಣು ಮಾಡುತ್ತಾರೆ—ತನಗಿಂತ ಮೊದಲು ಎರಡು ಕೂಸು ಸತ್ತಿದ್ದವು, ಅವುಗಳ ಲಿಂಗ ಅವುಗಳ ಜೊತೆಗೇ ಹೋದವು, ಅದನ್ನು ಅವ್ವನೇ ಹೇಳಿದ್ದಾಳೆ. ಹಾಗಾದರೆ ಇದು ಮಣ್ಣಿಗೆ ಯಾಕೆ ಹೋಗಲಿಲ್ಲ? ಇದರ ಒಡೆಯ ಎಲ್ಲೋ ಉಣ್ಣುತ್ತಿದ್ದಾನೆ, ಮಲಗುತ್ತಿದ್ದಾನೆ, ಉಸಿರಾಡುತ್ತಿದ್ದಾನೆ, ಮತ್ತು ತನಗೆ ಯಾರೂ ಹೇಳಿಲ್ಲ.

ಅಪ್ಪ ಬೆಂಚಿನ ಆ ತುದಿಯಲ್ಲಿ ಕೂತಿದ್ದಾನೆ, ಹೊಳಬಸಪ್ಪ, ಹುನಗುಂದದಲ್ಲಿ ಎಲ್ಲರ ಜಗಳ ಬಿಡಿಸುವ ದೊಡ್ಡಮನುಷ್ಯ, ಆಪರೇಶನ್ ಬಾಗಿಲು ನೋಡುವುದು ಬಿಟ್ಟು ಬೀದಿ ಬಾಗಿಲನ್ನೇ ಯಾಕೆ ನೋಡುತ್ತಾನೆ, ಬೆಳಿಗ್ಗೆ ಫೋನಿನಲ್ಲಿ ಪಿಸುಗುಟ್ಟಿದ್ದು ಯಾರ ಜೊತೆ, ಗುಡೂರ ಬಸ್ ಸಿಕ್ಕಿತೇನು ಅಂದದ್ದು ಕೇಳಿಸಿತ್ತು. ಗುಡೂರು—ಗುಡೂರಿನಿಂದ ಬರುವವನು ಒಬ್ಬನೇ, ಕಂಬಳಿಯ ಬೀರಲಿಂಗ, ಬೀರಪ್ಪ ದೇವರ ಒಕ್ಕಲು, ಕುರಿ ಕಾಯುವ ಲಗಮವ್ವನ ಮಗ, ದೀಪಾವಳಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಬಂದು ಹೊಸ್ತಿಲಾಚೆ ನಿಲ್ಲುತ್ತಿದ್ದ, ಅವ್ವಾರ ಅದಾರೇನ್ರಿ, ಆ ದನಿ ಕೇಳಿದರೆ ಸಾಕು ಅವ್ವ ಇವಳ ರಟ್ಟೆ ಹಿಡಿದು ಒಳಗೆ ದಬ್ಬುತ್ತಿದ್ದಳು, ನೀ ಒಳಗ ನಡಿ, ಅವನ ಮುಂದ ಬರಬ್ಯಾಡ, ಕದದ ಸಂದಿಯಿಂದ ಇವಳಿಗೆ ಕಂಡದ್ದು ಕಂಬಳಿಯ ಅಂಚು, ಅದರ ಕೆಳಗೆ ಧೂಳು ಮೆತ್ತಿದ ಎರಡು ಪಾದ. ಹೋಳಿಗೆ ಕೊಡುವಳು, ತುಪ್ಪ ಸುರಿಯುವಳು, ಒಳಗೆ ಮಾತ್ರ ಕರೆಯಳು, ಬೆಳಗಾದರೆ ಇವ ನಮ್ಮವ ಎಂದು ಹಾಡುವ ಬಾಯಿಗೆ ಕುರುಬರ ಹುಡುಗನನ್ನು ಒಳಗೆ ಬಾ ಅನ್ನಲು ಏನು ದಾಡಿ ಎಂದು ಕಾಲೇಜಿಗೆ ಹೋಗುವಾಗ ಮಹೇಶ್ವರಿ ಜಗಳ ತೆಗೆದಿದ್ದಳು, ನಾಚಿಕೆಪಟ್ಟಿದ್ದಳು, ಅವ್ವ ಎದೆಯ ಮೇಲೆ ಎಡಗೈ ಒತ್ತಿಕೊಂಡಿದ್ದಳು—ಎಡಗೈ, ಕರಡಿಗೆಯ ಮೇಲೆ. ಅಯ್ಯೋ. ಅವ್ವನದೋ? ಯಾರಿಂದ? ಛೀ, ಎಂಥ ಯೋಚನೆ, ಒಳಗೆ ಮಲಗಿದವಳ ಬಗ್ಗೆ, ಆದರೂ ಬಂತು, ಬಂದದ್ದು ಹೋಗಲೊಲ್ಲದು, ಅಥವಾ ಈ ಅಪ್ಪನದೇ ಏನೋ ಕರಾಮತ್ತು.

ಅಪ್ಪಾ, ಇದು ಯಾರದು, ಅಂಗೈ ಚಾಚಿದಳು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅಪ್ಪನ ಕೈ ತನ್ನ ಕೊರಳ ಶಿವದಾರಕ್ಕೆ ಹೋಯಿತು. ಯಾರದೂ ಅಲ್ಲವ್ವಾ. ಗುಡೂರಿಂದ ಯಾರು ಬರಾಕತ್ತಾರ? ಯಾರೂ ಇಲ್ಲ. ಬೀರಲಿಂಗ ಹೌದಲ್ಲೋ? ಅಪ್ಪ ಗೋಡೆ ನೋಡಿದ, ನೋಡುತ್ತಲೇ ಹೇಳಿದ, ಎರಡು ಹೋಗಿದ್ವು, ಮೂರನೇದ್ದು ಉಳೀಲಂತ ಮೊರ ತೌಡಿಗೆ ಲಗಮವ್ವಗ ಮಾರಿದ್ವಿ, ಎಲ್ಲಾರೂ ಮಾರತಿದ್ರು, ಸಾವಿನ ಕಣ್ಣಿಗಿ ನಮ್ಮ ಕೂಸಲ್ಲಂತ ತೋರಸಾಕ, ಹಲ್ಲು ಬಂದ ಮ್ಯಾಲೆ ತೌಡು ಕೊಟ್ಟು ತಿರುಗಿ ತರೂದು ಪದ್ಧತಿ. ಮತ್ತ ಯಾಕ ತರಲಿಲ್ಲ? ಅಷ್ಟರಾಗ ನೀ ಹೊಟ್ಟ್ಯಾಗಿದ್ದಿ. ಅವನ್ನ ತಂದ್ರ ಇಬ್ಬರಾಗ ಒಂದು ಹೋಗತೈತಂತ ನಿಮ್ಮವ್ವ ಹೆದರಿದ್ಳು, ಇಬ್ಬರೂ ಒಂದ ಸೂರಿನ ಕೆಳಗ ಕೂಡಬಾರದಂತ, ಕೂಸು ಕೊಟ್ಳು, ಲಿಂಗ ಕೊಡಾಕ ಆಕಿ ಕೈ ಬರಲಿಲ್ಲ. ಅವಗ ಗೊತ್ತೈತೇನು? ಗೊತ್ತಿಲ್ಲದ ವರ್ಷಾ ವರ್ಷಾ ಬಂದು ಹೊರಗ ನಿಂತಾನೇನು? ಅಂದರೆ ಗುಡೂರಿಗೆ ಗೊತ್ತು, ಕುರಿಗಳಿಗೂ ಗೊತ್ತಿರಬೇಕು, ತನಗೊಬ್ಬಳಿಗೆ ಗೊತ್ತಿಲ್ಲ, ತನ್ನ ಉಸಿರಿಗೆ ಅವನನ್ನು ಹೊರಗಿಟ್ಟರು, ಸಿಟ್ಟು ಬಂತು, ಅಳುವೂ ಬಂತು, ಎರಡು ಸಾವಿಗೆ ಹೆದರಿದ ಮೂರ್ಖರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ತಾನು, ಇವತ್ತೇ ಮುಗಿಸುತ್ತೇನೆ ಇದನ್ನು, ಬರಲಿ ಅವನು, ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ಇದನ್ನು ಅವನ ಅಂಗೈಯಲ್ಲಿ ಇಡುತ್ತೇನೆ—ಗಾಜಿನ ಬಾಗಿಲು ಸರಿಯಿತು. ಅವ್ವಾರು ಹೆಂಗದಾರ್ರಿ? ಗಡ್ಡ ನರೆತಿದೆ, ಚಪ್ಪಲಿ ಆಚೆ ಬಿಟ್ಟಿದ್ದಾನೆ, ಒಳಗೆ ಬಂದಿಲ್ಲ, ಇವಳನ್ನು ಕಂಡು ನಿಂತುಬಿಟ್ಟಿದ್ದಾನೆ. ಅಪ್ಪ ಇವಳ ರಟ್ಟೆ ಹಿಡಿದ, ನೀ ಆ ಕಡೆ ಹೋಗವಾ, ಇವತ್ತೊಂದಿನ, ಆಕಿ ಹೊಟ್ಟಿ ಕೊಯ್ದಾರ. ಕೊಸರಿಕೊಂಡಳು, ಒಳಗ ಬಾ ಅಣ್ಣಾ, ಅಷ್ಟೇ ಅನ್ನಬೇಕು, ಅನ್ನು, ಅವ್ವನನ್ನು ಬಯ್ದ ಬಾಯಿ ತಾನೆ, ಅನ್ನು—ಆ ಬಾಗಿಲ ಹಿಂದೆ ಅವ್ವ, ಈಗ, ಇದೇ ಗಳಿಗೆಯಲ್ಲಿ ಏನಾದರೂ ಆದರೆ, ಇಬ್ಬರಲ್ಲಿ ಒಂದು ಅಂದಿದ್ದಳು, ಅವಳೇ ಹೋದರೆ, ನಾಲಿಗೆ ಏಳಲೊಲ್ಲದು, ಕಟಕ್, ಹೊಸ್ತಿಲಾಚೆ ಕಂಬಳಿಯ ಅಂಚು, ಅದರ ಕೆಳಗೆ ಧೂಳು ಮೆತ್ತಿದ ಎರಡು ಪಾದ, ಅವು ಕಾಯುತ್ತಿವೆ, ಎರಡು ಪಾದ,